ಎಕ್ಸ್‌ರೇಯಲ್ಲಿ ಅರಿಶಿನ ಕೊಂಬು

ನಮ್ಮ ಆಸ್ಪತ್ರೆಯ ಎಕ್ಸ್‌ರೇ ಯಂತ್ರವನ್ನು ಗೋಡೆಯಿಂದ ಒಂದು ಗೇಣು ಸರಿಸಬೇಕಾದರೂ ನಾಲ್ಕು ಜನ ಬೇಕು. ಕಳೆದ ಚಳಿಗಾಲದಲ್ಲಿ ಕ್ಷಯರೋಗದ ಶಿಬಿರಗಳಿಗೆಂದು ಬಂದ ಹೊಸ ಯಂತ್ರ ಸೂಟ್‌ಕೇಸಿನಲ್ಲಿ ಬಂತು. ಮುಚ್ಚಳ ತೆಗೆದರೆ ಮದುವೆಮನೆಯ ಫೋಟೋಗ್ರಾಫರ್ ಹಿಡಿಯುವ ಕ್ಯಾಮೆರಾದಂಥದ್ದೊಂದು, ಎದೆಗೆ ಒತ್ತಿ ನಿಲ್ಲಲು ತೆಳ್ಳಗಿನ ಒಂದು ಹಲಗೆ, ಒಂದು ಲ್ಯಾಪ್‌ಟಾಪು. ಎಕ್ಸ್‌ರೇ ಟೆಕ್ನೀಷಿಯನ್ ಆದ ನನಗೆ ಸಂತೋಷವಾಗಬೇಕಿತ್ತು. ನಾನು ಮೊದಲು ಕೇಳಿದ್ದು, ಇದು ಜೀಪಿನಿಂದ ಬಿದ್ದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ ಎಂದು.

ಇದು ನನ್ನ ಸ್ವಭಾವ. ಬಸ್ಸಿನಲ್ಲಿ ಕೂತ ಮೇಲೆ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಚಿಂತೆ ಹಿಡಿಯುತ್ತದೆ. ಆ ದಿನ ಗ್ಯಾಸ್ ಹೊತ್ತಿಸಿಯೇ ಇರುವುದಿಲ್ಲ. ಐವತ್ತು ದಾಟಿದ ಮೇಲೆ ಕಡಿಮೆಯಾದೀತು ಎಂದುಕೊಂಡಿದ್ದೆ. ಈಗ ಅದರ ಜೊತೆಗೆ ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೂ ಸೇರಿಕೊಂಡಿದೆ.

ಶಿಬಿರದ ಯೋಜನೆ ಮಾತ್ರ ಸರಳವಾಗಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಎದೆಯ ಚಿತ್ರ ಓದಿ ಹೇಳುವ ತಜ್ಞರಿಲ್ಲ. ಇಂಥ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ಅವಕ್ಕೆಲ್ಲ ಈಗ ಒಂದೇ ಹೊಸ ಉಪಾಯ ಹೊರಟಿದೆ. ಚಿತ್ರವನ್ನು ಕಂಪ್ಯೂಟರೇ ಓದುತ್ತದೆ. ಶ್ವಾಸಕೋಶದಲ್ಲಿ ಅನುಮಾನದ ಜಾಗ ಕಂಡರೆ ಅದಕ್ಕೆ ಕೆಂಪು ಬಳಿದು, ಪಕ್ಕದಲ್ಲಿ ಒಂದು ಅಂಕ ಕೊಡುತ್ತದೆ. ಅಂಕ ಮಿತಿ ದಾಟಿದವರ ಕಫ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಕ್ಷಯ ಎಷ್ಟೋ ಜನರಲ್ಲಿ ಕೆಮ್ಮೂ ಇಲ್ಲದೆ ಅಡಗಿರುತ್ತದೆ. ಅವರು ಕೆಮ್ಮಿಕೊಂಡು ಆಸ್ಪತ್ರೆಗೆ ಬರುವವರೆಗೆ ಕಾಯುತ್ತ ಕೂತರೆ ಅಷ್ಟರಲ್ಲಿ ಮನೆಮಂದಿಗೆ ಹಂಚಿರುತ್ತಾರೆ. ಅದಕ್ಕೇ ನಾವೇ ಸೂಟ್‌ಕೇಸು ಹಿಡಿದು ಅವರ ಬಳಿ ಹೋಗುವುದು. ತಂಡವೆಂದರೆ ವೈದ್ಯಾಧಿಕಾರಿ ಮೇಡಂ, ನಾನು, ಜೀಪಿನ ಚಾಲಕ. ಆಯಾ ಊರಿನ ಆಶಾ ಕಾರ್ಯಕರ್ತೆ ಅಲ್ಲಲ್ಲಿ ಸೇರಿಕೊಳ್ಳುತ್ತಿದ್ದರು.

ಮೊದಲ ಶಿಬಿರ ಕಾರ್ಗಲ್‌ನ ಕಾಲನಿಯಲ್ಲಿ. ಹಲಗೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಬ್ಬೊಬ್ಬರನ್ನೇ ಅದಕ್ಕೆ ಎದೆ ಒತ್ತಿಸಿ ನಿಲ್ಲಿಸಿ, ಗದ್ದ ಮೇಲೆ, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ, "ಉಸಿರು ಎಳೆದು ಹಿಡ್ಕೊಳ್ಳಿ" ಎನ್ನುತ್ತಿದ್ದೆ. ಅವರ ಜೊತೆ ನಾನೂ ಹಿಡಿಯುತ್ತೇನೆ. ಇದು ನನ್ನ ಹಳೆಯ ರೂಢಿ. ಅವರು ಮಧ್ಯೆ ಬಿಟ್ಟಾರು ಎಂಬ ಹೆದರಿಕೆಗೆ ಹುಟ್ಟಿಕೊಂಡದ್ದು. ದಿನಕ್ಕೆ ಎಷ್ಟು ಜನರೋ ಅಷ್ಟು ಸಲ ಉಸಿರು ಕಟ್ಟಿ ಸಂಜೆಗೆ ನನ್ನ ಮುಖ ಬದನೆಕಾಯಿಯಾಗಿರುತ್ತದೆ.

ಗಂಡಸರ ಸರಗಳು ಸಲೀಸಾಗಿ ಜೇಬು ಸೇರಿದವು. ಹೆಂಗಸರು ಕರಿಮಣಿ ಹಿಡಿದುಕೊಂಡು ನಿಂತರು. ಒಬ್ಬರು ಅದನ್ನು ಬೆನ್ನಿನ ಕಡೆಗೆ ಹಾಕಿಕೊಂಡು ಸಮಸ್ಯೆ ಮುಗಿಯಿತೆಂಬಂತೆ ನಕ್ಕರು. ಎಕ್ಸ್‌ರೇಗೆ ಹಿಂದು ಮುಂದು ಎಂಬುದಿಲ್ಲ. ಮಣಿಗಳೆಲ್ಲ ಶ್ವಾಸಕೋಶದಲ್ಲಿ ಸಾಲಾಗಿ ಮೂಡಿದವು. ಇನ್ನೊಬ್ಬರು ಮೇಲಕ್ಕೆತ್ತಿ ಹಲ್ಲಲ್ಲಿ ಕಚ್ಚಿಕೊಂಡರು. ನಾನು ಉಸಿರು ಎಳೆಯಿರಿ ಅಂದದ್ದೇ ಬಾಯಿ ತೆರೆದರು, ಸರ ಜಾರಿತು, ಚಿತ್ರ ಕೆಟ್ಟಿತು. ತೆಗೆದೇ ಇಡಬೇಕೆಂದ ಮೇಲೆ ಸಾಲಿನ ಅರ್ಧಕ್ಕರ್ಧ ಜನ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗಿ ಮನೆಗೆ ಹೋದರು.

ಆಗ ನನಗೊಂದು ಉಪಾಯ ಹೊಳೆಯಿತು. ಕರಿಮಣಿಯನ್ನು ಹೊಸದಾಗಿ ಪೋಣಿಸಲು ಕೊಟ್ಟಾಗ ನಮ್ಮಮ್ಮ ಬರಿಗೊರಳಲ್ಲಿ ಇರುತ್ತಿರಲಿಲ್ಲ. ದಾರಕ್ಕೊಂದು ಅರಿಶಿನ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಕಡೆ ಇದು ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಸಾಗರದ ಸಂತೆಯಲ್ಲಿ ಅರಿಶಿನ ಕೊಂಬು ಕೊಂಡು, ಹಳದಿ ದಾರಕ್ಕೆ ಕಟ್ಟಿ, ಮುಂದಿನ ಶಿಬಿರಕ್ಕೆ ವರದಮೂಲಕ್ಕೆ ಒಯ್ದೆ. ಮೊದಲು ಕೊಂಬಿನ ದಾರ ಕೊರಳಿಗೆ, ಆಮೇಲೆ ಕರಿಮಣಿ ಕೈಗೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇದಾದ್ರೆ ಸೈ" ಎಂದರು. ಸಾಲು ಅಂಗಳದಾಚೆಗೂ ಬೆಳೆಯಿತು. ಲೋಹ ಅಡ್ಡ ಬರಬಾರದು ಎಂಬ ಚಿಂತೆಯಲ್ಲಿ ಗೆಡ್ಡೆಯ ಚಿಂತೆ ನನಗೆ ಬರಲೇ ಇಲ್ಲ. ಜೀವಮಾನವೆಲ್ಲ ಬೇಡದ್ದಕ್ಕೆ ಚಿಂತಿಸಿದವನು ಬೇಕಾದ ದಿನ ಹಾಯಾಗಿದ್ದೆ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಒಬ್ಬರ ಹಿಂದೊಬ್ಬರ ಎದೆಗೆ ಕೆಂಪು ಬಳಿಯತೊಡಗಿತು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಕಡೆ, ಕಾಲರ್ ಮೂಳೆಯ ಕೆಳಗೆ. ಕ್ಷಯ ಸಾಮಾನ್ಯವಾಗಿ ಗೂಡು ಕಟ್ಟುವುದೂ ಅಲ್ಲೇ. ಕಫ ಹಿಡಿಯುವ ಡಬ್ಬಿಗಳು ಖಾಲಿಯಾದವು. ಕೆಮ್ಮೇ ಇಲ್ಲದವರು ಕಫ ಎಲ್ಲಿಂದ ತರಬೇಕೆಂದು ಜಗಳಕ್ಕೆ ನಿಂತರು. ಪ್ರಯೋಗಾಲಯದಿಂದ ಒಂದೊಂದಾಗಿ ಎಲ್ಲವೂ 'ಇಲ್ಲ' ಎಂದು ಬಂದ ಮೇಲೆ ನಾನೂ ಮೇಡಮ್ಮೂ ಚಿತ್ರಗಳನ್ನು ಹಿಗ್ಗಿಸಿ ನೋಡಿದೆವು. ಕೆಂಪಿನ ಒಳಗೆ ಬೆರಳಿನ ತುದಿಯಂಥ ಬೂದು ನೆರಳು. ಹಲಗೆಗೂ ಎದೆಗೂ ನಡುವೆ ಸಿಕ್ಕಿಕೊಂಡ ಅರಿಶಿನ ಕೊಂಬು ಅಲ್ಲಿ ಅಚ್ಚಾಗಿ ಮೂಡಿತ್ತು. ಯಂತ್ರದ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವರು, ತಾವು ಕಂಪ್ಯೂಟರಿಗೆ ಲೋಕದ ನಾನಾ ದೇಶದ ಎದೆಗಳನ್ನು ತೋರಿಸಿ ಕಲಿಸಿದ್ದೇವೆ, ಅರಿಶಿನ ತೋರಿಸಿರಲಿಲ್ಲ ಎಂದರು.

ವರದಮೂಲದ ಶಿಬಿರಕ್ಕೆ ಇನ್ನೂ ಎರಡು ದಿನ ಬಾಕಿಯಿತ್ತು, ನಿಲ್ಲಿಸುವ ಹಾಗಿರಲಿಲ್ಲ; ಕೊಂಬು ಬಿಚ್ಚಿಸಿದರೆ ಸಾಲು ಮತ್ತೆ ಕರಗುತ್ತಿತ್ತು. ಮೇಡಂ ಒಂದು ನಿಯಮ ಮಾಡಿದರು: ಕೆಂಪಿನೊಳಗೆ ಕೊಂಬಿನ ಆಕಾರ ಕಂಡರೆ 'ಅರಿಶಿನ' ಎಂದು ಟೈಪು ಮಾಡುವುದು, ಕೆಮ್ಮು ಜ್ವರ ಇದೆ ಎಂದವರನ್ನು ಬಿಟ್ಟು ಉಳಿದವರನ್ನು ಕಳಿಸಿಬಿಡುವುದು. ನನಗದು ಬಹಳ ಸಮಂಜಸವಾಗಿ ಕಂಡಿತು. ಅಷ್ಟರಲ್ಲಿ ಮೇಲಧಿಕಾರಿಗಳ ಸಭೆಯಲ್ಲಿ ಮೇಡಂ ಶಿಬಿರದ ವರದಿ ಕೊಟ್ಟರು. ಹೆಂಗಸರು ಇಷ್ಟೊಂದು ಬರುತ್ತಿರುವುದು ಹೇಗೆ ಎಂದು ಅಲ್ಲಿದ್ದವರು ಕೇಳಿ, ಮೆಚ್ಚಿ, ಅರಿಶಿನ ಕೊಂಬಿನ ಫೋಟೋವನ್ನು 'ಸ್ಥಳೀಯ ಹೊಸ ಉಪಾಯ' ಎಂಬ ಸ್ಲೈಡಿಗೆ ಹಾಕಿದರಂತೆ. ಕೆಳಗೆ ನನ್ನ ಹೆಸರೂ ಇತ್ತು. ಆ ಸ್ಲೈಡನ್ನು ನಾನು ಹೆಂಡತಿಗೆ ಒಂದು ಸಲ, ಅವಳ ತಮ್ಮನಿಗೆ ಎರಡು ಸಲ ತೋರಿಸಿದೆ.

ಮೂರನೆಯ ಶಿಬಿರ ಹೊಸನಗರ ದಾಟಿ ನಗರ ಎಂಬ ಊರಿನ ಸಮುದಾಯ ಭವನದಲ್ಲಿ. ಅಲ್ಲಿನ ಸಾಲಿನಲ್ಲಿ ಶಾಲೆಯವರೆಲ್ಲ ಒಟ್ಟಿಗೆ ಬಂದಿದ್ದರು: ಹೆಡ್‌ಮಾಸ್ತರು, ಶಿಕ್ಷಕಿಯರು, ಅವರ ಹಿಂದೆ ಬಿಸಿಯೂಟದ ಅಡುಗೆಯವರು. ಈ ಅಡುಗೆಯವರು ನಲವತ್ತರ ಆಸುಪಾಸಿನ ಹೆಂಗಸು. ಕರಿಮಣಿ ತೆಗೆಯುವ ಮೊದಲು ಕೊಂಬಿನ ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಗಂಡನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಬಂದಿದ್ದಾರೆ, ಅದಕ್ಕೇ ಹೆದರಿಕೆ ಎಂದು ಆಶಾ ಕಾರ್ಯಕರ್ತೆ ನನ್ನ ಕಿವಿಯಲ್ಲಿ ಹೇಳಿದರು. ಕೆಮ್ಮು ಇದೆಯೇ ಎಂದು ಕೇಳಿದ್ದಕ್ಕೆ, "ಎಂತದೂ ಇಲ್ಲ" ಎಂದರು. ಹೆಡ್‌ಮಾಸ್ತರು ಎರಡು ಮಾರು ದೂರದಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದರು.

ಚಿತ್ರದಲ್ಲಿ ಬಲಗಡೆ ಮೇಲೆ ಕೆಂಪು, ಒಳಗೆ ಕೊಂಬಿನ ಆಕಾರ. 'ಅರಿಶಿನ' ಎಂದು ಬರೆದು ಕಳಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಬ್ಯಾಟರಿ ತರಲು ಜೀಪಿಗೆ ಹೋದಾಗ, ಭವನದ ಹಿಂದಿನ ಮೆಟ್ಟಿಲಿನ ಹತ್ತಿರ ಆಕೆ ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತಿದ್ದರು. ಒಳಗಿನಿಂದ ಎಳೆದುಕೊಂಡು ಬರುವ ಕೆಮ್ಮು. ನನ್ನನ್ನು ನೋಡಿ, "ಒಗ್ಗರಣೆ ಘಾಟು ಸಾರ್. ಅಡುಗೆಯವ್ರಿಗೆ ಇದ್ದಿದ್ದೇ" ಎಂದು ಸರಿದು ಹೋದರು.

ವಾಪಸ್ ಬರುವಾಗ ಜೀಪಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಆಕೆಯ ಚಿತ್ರ ತೆರೆದೆ. ಕೊಂಬು ಹಲಗೆಗೆ ಅಂಟಿಕೊಂಡೇ ಇರುವುದರಿಂದ ಅದರ ಅಂಚು ಗೆರೆ ಎಳೆದಂತೆ ಸ್ಪಷ್ಟ. ಆದರೆ ಇವರ ಚಿತ್ರದಲ್ಲಿ ಕೊಂಬಿನ ಕೆಳಗೆ, ಹಿಂಜಿದ ಹತ್ತಿಯಂತೆ ಅಂಚಿಲ್ಲದ ಇನ್ನೊಂದು ಬಿಳುಪು ಇದ್ದಂತಿತ್ತು. ಇದ್ದಂತಿತ್ತು, ಅಷ್ಟೆ. ನೋಡಿದರೆ ಇದೆ, ರೆಪ್ಪೆ ಬಡಿದರೆ ಇಲ್ಲ. ಕೊಂಬು ಮೇಲೆ ಕೂತಿದ್ದರಿಂದ ಅದರಡಿಯಲ್ಲಿ ಏನಿದೆ ಎಂದು ನಾನೂ ಹೇಳಲಾರೆ, ಕಂಪ್ಯೂಟರೂ ಹೇಳಲಾರದು. ಯಂತ್ರ ತನಗೆ ತಿಳಿದಂತೆ ಕೆಂಪು ಬಳಿದಿತ್ತು. ಅದನ್ನು ಒರೆಸಿ ಹಾಕಿದ್ದು ನಮ್ಮ ನಿಯಮ. ಆಕೆ ದಿನಾ ಶಾಲೆಯ ಮಕ್ಕಳಿಗೆ ಬಾಗಿ ಬಾಗಿ ಬಡಿಸುವವರು.

ಮರುದಿನ ಮೇಡಂಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. ನನ್ನ ಹತ್ತು ಚಿಂತೆಗಳಲ್ಲಿ ಒಂಬತ್ತು ಸುಳ್ಳೆಂದು ಅವರಿಗೆ ಅನುಭವವಿತ್ತು; ಇದು ಹತ್ತನೆಯದೋ ಏನೋ ಎಂದು ಯೋಚಿಸುತ್ತಿದ್ದಿರಬೇಕು.

"ಅನುಮಾನ ಇರೋದು ಇವರೊಬ್ಬರ ಮೇಲೆ. ಇವರನ್ನ ಕರೆಸಿ ಇನ್ನೊಂದು ಚಿತ್ರ ತೆಗೀರಿ, ಸಾಕು."

"ಒಬ್ಬರನ್ನೇ ಕರೆಸಿದ್ರೆ ಊರಿಗೆಲ್ಲ ಗೊತ್ತಾಗ್ತದೆ ಮೇಡಂ. ಕಾಯಿಲೆ ಇರ್ಲಿ ಬಿಡ್ಲಿ, ನಾಳೆಯಿಂದ ಆ ಅಡುಗೆಮನೆ ಬಾಗಿಲು ಬಂದ್. ಅದು ಗೊತ್ತಿದ್ದೇ ಅವರು ಕೆಮ್ಮು ಮುಚ್ಚಿಟ್ಟಿದ್ದು."

"ಮತ್ತೆ?"

"ಇವರು ಕೆಮ್ಮಿದ್ದು ನನ್ನ ಕಿವಿಗೆ ಬಿತ್ತು, ಅದಕ್ಕೆ ಅನುಮಾನ ಬಂತು. ಕೆಮ್ಮದೇ ಇರೋರದ್ದು? ಅವರದ್ದೂ 'ಅರಿಶಿನ' ಅಂತಲೇ ಬರ್ದಿದೀನಿ."

ತೀರ್ಥಹಳ್ಳಿಯ ಶಿಬಿರಕ್ಕೆ ಬ್ಯಾನರ್ ಕಟ್ಟಿಯಾಗಿತ್ತು. ಯಂತ್ರ ಅಲ್ಲಿಗೆ ಹೋಗಬೇಕಿತ್ತು. ತೆಗೆದ ಚಿತ್ರಗಳನ್ನೇ ಮತ್ತೆ ತೆಗೆಯಲು ಹಿಂದಕ್ಕೆ ಹೋಗುತ್ತೇವೆ ಎಂದರೆ ಮೇಲಿನವರಿಗೆ ಏನು ಹೇಳುವುದು ಎಂದು ಮೇಡಂ ಕೇಳಿದರು. ಆರೋಗ್ಯವಂತರಿಗೆ ಇನ್ನೊಮ್ಮೆ ಕಿರಣ ಹಾಯಿಸುವುದು ಸರಿಯೇ ಎಂಬ ಇನ್ನೊಂದು ಚಿಂತೆಯನ್ನೂ ನಾನೇ ಎತ್ತಿ ಕೊಟ್ಟೆ. ಆ ಪ್ರಮಾಣ ಬಹಳ ಕಡಿಮೆ ಎಂದು ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ಹಾಗೆ ಸಮಾಧಾನ ಮಾಡುತ್ತ ಮಾಡುತ್ತ ಅವರೇ ಒಪ್ಪಿಬಿಟ್ಟರು ಎಂದು ನನ್ನ ಗುಮಾನಿ. ತೀರ್ಥಹಳ್ಳಿ ಮುಂದಕ್ಕೆ ಹೋಯಿತು. ನಗರದಲ್ಲಿ 'ಅರಿಶಿನ' ಎಂದು ಬರೆಸಿಕೊಂಡವರನ್ನೆಲ್ಲ, ಒಬ್ಬರನ್ನೂ ಬಿಡದೆ, ಮತ್ತೆ ಕರೆಸುವುದೆಂದಾಯಿತು.

ಯಂತ್ರ ಕೆಟ್ಟಿತ್ತು ಎಂದುಬಿಡೋಣ ಎಂದು ಆಶಾ ಕಾರ್ಯಕರ್ತೆ ಸಲಹೆ ಕೊಟ್ಟರು. ಊರಲ್ಲಿ ನಾಳೆಯೂ ಮುಖ ತೋರಿಸಬೇಕಾದವರು ಅವರು. ನನಗೂ ಆಸೆಯಾಯಿತು. ಆದರೆ ಯಂತ್ರ ಕೆಟ್ಟಿದೆ ಎಂದರೆ ಮತ್ತೆ ಅದರ ಮುಂದೆ ಯಾರು ನಿಲ್ಲುತ್ತಾರೆ? ಭವನದ ಜಗಲಿಯಲ್ಲಿ ನಿಂತು, ಅರಿಶಿನ ಕೊಂಬು ಚಿತ್ರಕ್ಕೆ ಅಡ್ಡ ಬಂದಿದೆ, ಅದನ್ನು ಕಟ್ಟಿಸಿದ ಬುದ್ಧಿವಂತ ನಾನೇ, ಇವತ್ತು ಅದೂ ಇಲ್ಲದೆ ತೆಗೆಯಬೇಕು ಎಂದೆ. ಯಾರೂ ನಗಲಿಲ್ಲ. ಯಾರೂ ಮುಂದಕ್ಕೂ ಬರಲಿಲ್ಲ.

ಮೊದಲು ಬಾಯಿ ತೆರೆದದ್ದು ಆ ಅಡುಗೆಯವರೇ.

"ಕರಿಮಣಿ ತೆಗೀರಿ ಅಂದ್ರಿ, ತೆಗ್ದೆ. ಈಗ ಕೊಂಬೂ ಬೇಡ ಅಂತೀರಿ. ನಮ್ಮನೆಯವ್ರು ಆಸ್ಪತ್ರೆಯಿಂದ ಬಂದು ಇನ್ನೂ ಮೆಟ್ಲು ಹತ್ತೋ ಹಂಗಿಲ್ಲ ಸಾರ್. ಏನಾರೂ ಆದ್ರೆ ನೀವು ಬಂದು ಕೂರ್ತೀರಾ?"

ನಾನು ಕೂರುವುದಿಲ್ಲ. ಹೃದಯಕ್ಕೂ ಕೊರಳ ದಾರಕ್ಕೂ ಸಂಬಂಧವಿಲ್ಲ ಎನ್ನಬಹುದಿತ್ತು. ಬಸ್ಸಿನಲ್ಲಿ ಕೂತು ಆರಿದ ಗ್ಯಾಸಿಗೆ ನಡುಗುವವನು ಆ ಮಾತು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಗೋಡೆಗೊರಗಿ ಎಲೆ ಅಡಿಕೆ ಹಾಕುತ್ತಿದ್ದ ಮುದುಕಿಯೊಬ್ಬರು ಅಲ್ಲಿಂದಲೇ ಕೇಳಿದರು:

"ಧಾರೆ ದಿನ ನಿಂಗೆ ಕಂಕಣ ಎಲ್ಲಿಗೆ ಕಟ್ಟಿದ್ರೇ? ಕೈಗಲ್ದಾ?"

"ಅದು ಕಂಕಣ ಅಜ್ಜಿ. ಇದು ತಾಳಿ ಬದ್ಲಿಗೆ ಕಟ್ಟೋದು."

"ಕೊಂಬು ಅದೇ ಅಲ್ದಾ ಮಾರಾಯ್ತಿ. ನಿನ್ ಗಂಡನ್ನ ಕಾಯಕ್ಕೆ ಅದಕ್ಕೆ ಕುತ್ಗೆನೇ ಆಗ್ಬೇಕಾ? ಮೈ ಮೇಲೆ ಇದ್ರೆ ಸಾಕು."

ಈಗ ನಗು ಬಂತು. ಕುತ್ತಿಗೆಯದ್ದು ಕೈಗೆ ಇಳಿಸಬಹುದೇ ಎಂಬುದರ ಮೇಲೆ ಜಗಲಿಯಲ್ಲಿ ಚರ್ಚೆ ಶುರುವಾಯಿತು. ಒಬ್ಬರು ಆಗದು ಎಂದರು, ಇಬ್ಬರು ತಾವು ಕಂಡ ಮದುವೆಗಳನ್ನು ಸಾಕ್ಷಿಗೆ ಕರೆದರು. ಅಡುಗೆಯವರು ಯಾರ ಮಾತಿಗೂ ಕಾಯಲಿಲ್ಲ. ಹೊಸದೊಂದು ಕೊಂಬಿನ ದಾರ ತೆಗೆದುಕೊಂಡು ಎಡಗೈ ಮಣಿಕಟ್ಟಿಗೆ ಸುತ್ತಿದರು. ಒಂದು ತುದಿಯನ್ನು ಹಲ್ಲಲ್ಲಿ ಹಿಡಿದು ಗಂಟು ಬಿಗಿದು, ಎಳೆದು ನೋಡಿ, ಕರಿಮಣಿ ತೆಗೆದು ಅಜ್ಜಿಯ ಕೈಗೆ ಕೊಟ್ಟು ಒಳಗೆ ಬಂದರು. ಸೊಂಟದ ಮೇಲಿಟ್ಟ ಕೈ ಶ್ವಾಸಕೋಶಕ್ಕೆ ಎಲ್ಲಿಯೂ ಅಡ್ಡ ಬರುವುದಿಲ್ಲ. ಇಷ್ಟು ಸುಲಭದ್ದು ನನಗೆ ಮೊದಲೇ ಹೊಳೆದಿದ್ದರೆ ಎಂದು ಯೋಚಿಸುತ್ತ ಉಸಿರು ಹಿಡಿಯಲು ಹೇಳಿದೆ. ನಾನೂ ಹಿಡಿದೆ.

ಚಿತ್ರ ಮೂಡುವ ಆ ಅರೆ ಗಳಿಗೆಯಲ್ಲಿ, ದೇವರೇ, ನಾನು ಸುಳ್ಳು ಚಿಂತೆಯವನೇ ಆಗಿರಲಿ ಎಂದುಕೊಂಡೆ. ಮೇಡಂ ಬೈಯಲಿ, ತೀರ್ಥಹಳ್ಳಿಯವರು ಬೈಯಲಿ.

ಕೊಂಬು ಇರಲಿಲ್ಲ. ಕೆಂಪು ಇತ್ತು.

ಆಕೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು. "ಹೆಡ್‌ಮಾಸ್ತರಿಗೆ ಹೇಳ್ತೀರಾ?" ಎಂದು ಕೇಳಿದರು. ಮೊದಲು ಕಫ ಪರೀಕ್ಷೆಯಾಗಲಿ ಎಂದು ಮೇಡಂ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಉಳಿದವರೆಲ್ಲ ಕೈಗೆ ದಾರ ಸುತ್ತಿಕೊಂಡು ಒಬ್ಬೊಬ್ಬರಾಗಿ ಬಂದರು. ಅವರ ಎದೆಗಳು ಶುಭ್ರವಾಗಿದ್ದವು. ಊರಿನ ಕಣ್ಣಿಗೆ ಅವತ್ತು ಅಷ್ಟೂ ಜನ ಒಂದೇ.

ಕಫದಲ್ಲಿ ಕ್ಷಯ ಇತ್ತು. ಮಾತ್ರೆ ಶುರುವಾಯಿತು. ಶಾಲೆಯ ಮಕ್ಕಳನ್ನು ತಪಾಸಣೆ ಮಾಡಬೇಕಾದ್ದರಿಂದ ಹೆಡ್‌ಮಾಸ್ತರಿಗೆ ಹೇಳಲೇಬೇಕಾಯಿತು. ಅಷ್ಟರಮಟ್ಟಿಗೆ ನಮ್ಮ ಜಾಣತನವೆಲ್ಲ ವ್ಯರ್ಥ. ಮೇಡಂ ತಾವೇ ಶಾಲೆಗೆ ಹೋಗಿ, ಮಾತ್ರೆ ಸರಿಯಾಗಿ ನುಂಗಿದರೆ ಕೆಲವೇ ವಾರಗಳಲ್ಲಿ ಹರಡುವುದು ನಿಲ್ಲುತ್ತದೆ, ಕೆಲಸಕ್ಕೆ ವಾಪಸ್ ಕರೆದುಕೊಳ್ಳಬೇಕು ಎಂದು ವಿವರಿಸಿದರು. ಹೆಡ್‌ಮಾಸ್ತರು ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ಇವತ್ತಿಗೂ ನಂಬಿಲ್ಲ.

ಮನೆಯವರ ಚಿತ್ರ ತೆಗೆಯಲು ಯಂತ್ರವನ್ನು ಅವರ ಮನೆಗೇ ಒಯ್ದೆವು. ಗಂಡ ಮೆಲ್ಲಗೆ ಎದ್ದು ಬಂದು ಹಲಗೆಗೆ ಎದೆ ಕೊಟ್ಟರು. ಸ್ಟೆಂಟ್ ಇರುವವರಿಗೆ ಇದರಿಂದ ಏನೂ ಆಗದು ಎಂದು ಅವರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅವರದು ಸ್ವಚ್ಛವಾಗಿತ್ತು. ಆಕೆ ಅಂಗಳದ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದರು. ಕೊರಳಲ್ಲಿ ಕರಿಮಣಿ ಇತ್ತು, ಕೈಯ ದಾರವನ್ನೂ ಬಿಚ್ಚಿರಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಶಾಲೆಯಲ್ಲಿ ಈಗ ಬೇರೆಯವಳು ಸೌಟು ಹಿಡಿದಿದ್ದಾಳೆ, ಹಿಡಿದ ಸೌಟು ಯಾರು ಬಿಡುತ್ತಾರೆ ಎಂದರು. ನಾನು ಸೂಟ್‌ಕೇಸು ಮುಚ್ಚುವಾಗ ಕೇಳಿದರು:

"ಅವತ್ತು ನೀವು ಹಿಂಬದಿಗೆ ಬರದೇ ಇದ್ದಿದ್ರೆ ನಂದೂ ಅರಿಶಿನ ಅಂತಲೇ ಹೋಗ್ತಿತ್ತು, ಅಲ್ದಾ?"

"ಹೌದು."

"ಬೇರೆ ಊರಲ್ಲೂ ಹಿಂಗೇ ಬರ್ದು ಬಿಟ್ಟು ಬಂದಿದೀರಾ?"

"ವರದಮೂಲದಲ್ಲಿ."

ಅವರು ಬಿಸಿಲಿಗೆ ಒಣಹಾಕಿದ್ದ ಬಟ್ಟೆ ಮಗುಚಲು ಎದ್ದುಹೋದರು.

ಮರುದಿನ ಜೀಪು ವರದಮೂಲಕ್ಕೆ ಹೋಯಿತು. ಅಲ್ಲಿ ಕಫ ಕೊಟ್ಟವರ ಚಿಂತೆ ಮುಗಿದಿತ್ತು. ನಿಯಮ ಬಂದ ಮೇಲೆ ಹಾಗೇ ಕಳಿಸಿದವರು ಇದ್ದರಲ್ಲ, ಅವರು ಬೇಕಿತ್ತು. ಹೆಚ್ಚಿನವರು ಗೊಣಗಿಕೊಂಡೇ ಬಂದು ಕೈಗೆ ದಾರ ಸುತ್ತಿಕೊಂಡರು; ಹೊಸದಾಗಿ ಯಾರಲ್ಲೂ ಏನೂ ಸಿಗಲಿಲ್ಲ. ಒಂದು ಮನೆಗೆ ಮಾತ್ರ ಬೀಗ. ಮಗಳ ಊರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು ಪಕ್ಕದವರು. ಕೊಟ್ಟ ನಂಬರಿಗೆ ಆಗಾಗ ಮಾಡುತ್ತೇನೆ, ಸ್ವಿಚ್ ಆಫ್ ಬರುತ್ತದೆ. ಅವರ ಹೆಸರಿನ ಮುಂದೆ ಇನ್ನೂ 'ಅರಿಶಿನ' ಎಂದೇ ಇದೆ.

ತೀರ್ಥಹಳ್ಳಿ ಶಿಬಿರಕ್ಕೆ ಹೊರಡುವ ಮುನ್ನ ಉಳಿದ ದಾರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕತ್ತರಿಸಿದೆ. ಮಣಿಕಟ್ಟಿಗೆ ಸುತ್ತಿ ಗಂಟು ಹಾಕುವಷ್ಟು, ಕುತ್ತಿಗೆಗೆ ಏನು ಮಾಡಿದರೂ ಸಾಲದಷ್ಟು. ನಾನು ಮರೆತರೂ, ನನ್ನ ಜಾಗಕ್ಕೆ ನಾಳೆ ಬೇರೆಯವರು ಬಂದರೂ ಇನ್ನು ಕೊರಳಿಗೆ ಕಟ್ಟಲು ಆಗಬಾರದು. ಬಹಳ ದಿನಗಳ ಮೇಲೆ ಅವತ್ತು ಮಧ್ಯಾಹ್ನ ಊಟ ರುಚಿಸಿತು.

ಕೈ ತೊಳೆದು ಬಂದರೆ ಫೋನಿನಲ್ಲಿ ಒಂದು ಫೋಟೋ. ಕಳಿಸಿದವರು ಬೇರೆ ಜಿಲ್ಲೆಯ ಒಬ್ಬ ಟೆಕ್ನೀಷಿಯನ್. ನಾನು ಅವರ ಮುಖ ಕಂಡಿಲ್ಲ. ಸ್ಟೀಲ್ ತಟ್ಟೆಯ ತುಂಬ ಅರಿಶಿನ ಕೊಂಬು, ಒಂದೊಂದಕ್ಕೂ ಕೊರಳಿಗಾಗುವಷ್ಟು ಉದ್ದದ ಹಳದಿ ದಾರ. ಸ್ಲೈಡಿನಲ್ಲಿ ನೋಡಿದೆವು, ಇಲ್ಲಿ ಎಲ್ಲ ಕಡೆ ನಿಮ್ಮ ಉಪಾಯವೇ ನಡೆಯುತ್ತಿದೆ ಸರ್, ಧನ್ಯವಾದ ಎಂದು ಬರೆದಿದ್ದರು. ಸ್ಲೈಡ್ ತೆಗೆಸಿ ಎಂದು ಮೇಡಂ ಮೇಲಿನವರಿಗೆ ಆಗಲೇ ಬರೆದು ಕಳಿಸಿದ್ದರು. ತೆಗೆಸುವ ಹೊತ್ತಿಗೆ ಅದು ಎಲ್ಲೆಲ್ಲಿಗೆ ಹೋಗಿತ್ತೋ.

ಕೂಡಲೇ ಫೋನ್ ಮಾಡಿದೆ. ಅವರು ಎತ್ತಿದರು. ಹಿಂದೆ ಜನರ ಗದ್ದಲ, ಶಿಬಿರ ನಡೆಯುತ್ತಿತ್ತು.

"ಸರ್, ಆ ಕೊಂಬು ಕೊರಳಿಗೆ ಕಟ್ಟಿಸಬೇಡಿ" ಎಂದೆ.

"ಒಂದ್ನಿಮಿಷ ಸರ್, ಒಬ್ರು ಹಲಗೆ ಹತ್ರ ನಿಂತಿದಾರೆ" ಎಂದು ಅವರು ಫೋನನ್ನು ಎಲ್ಲೋ ಇಟ್ಟರು. ದೂರದಿಂದ ಅವರ ದನಿ ಕೇಳಿಸಿತು: ಗದ್ದ ಮೇಲೆ ಅಮ್ಮಾ, ಕೈ ಸೊಂಟದ ಮೇಲೆ, ಹಾಂ, ಈಗ ಉಸಿರು ಎಳೆದು ಹಿಡ್ಕೊಳ್ಳಿ.

ಈ ಕಡೆ ನಾನೂ ಹಿಡಿದುಕೊಂಡೆ.